ಗಾನದ ತಟ್ಟೆಗಳ ಭಾರ
ನಾದಕ್ಕೆ ತೂಕವಿಲ್ಲ; ಅದನ್ನು ಧರಿಸಿದ ತಟ್ಟೆಗಳಿಗುಂಟು. 12 ಅಂಗುಲದ ವಿನೈಲ್ ತಟ್ಟೆಗಳು ನೂರಾದರೆ ಹೊದಿಕೆಸಹಿತ 20ರಿಂದ 25 ಕಿಲೋ ತೂಗುವುವು. ಇದನ್ನು ಗಣಿಸದೆ ನಾವು 4 ಅಡಿಯ ಒಂದೇ ಹಲಗೆಯ ಮೇಲೆ 200ನ್ನು ಇರಿಸಿದ್ದೆವು. ಹಲಗೆ ದಿನೇ ದಿನೇ ಬಾಗಿ, ಒಂದು ರಾತ್ರಿ ಕುಸಿಯಿತು. ಸುಬ್ಬುಲಕ್ಷ್ಮಿಯವರ 1963ರ ಸುಪ್ರಭಾತವು ವಿನೈಲಾದುದರಿಂದ ಉಳಿಯಿತು. ನಮ್ಮ ತೀರ್ಥರೂಪರು ಕೊಂಡಿದ್ದ ಅರಗಿನ ತಟ್ಟೆಗಳು ಚೂರಾದುವು.

ಒಂದೇ ದಪ್ಪದ, ಉದ್ದಕ್ಕೂ ಸಮನಾಗಿ ಭಾರ ಹೊತ್ತ ಹಲಗೆಯ ಉದ್ದವು ಇಮ್ಮಡಿಸಿದರೆ ಬಾಗು 16 ಪಾಲಾಗುತ್ತದೆ. (ಗಣಿತವನ್ನು ಬೋಧಿಸಿದವರೇ ಇದನ್ನು ಮರೆತೆವು!) ಆದುದರಿಂದ 2 ಅಡಿಗೊಂದು ಆಧಾರವಿರತಕ್ಕದ್ದು, ಕಪಾಟನ್ನು ಗೋಡೆಗೆ ಬಿಗಿಯತಕ್ಕದ್ದು, ತಟ್ಟೆಗಳನ್ನು ಕೆಳಗಿನ ಖಾನೆಯಲ್ಲಿಯೇ ಇಡತಕ್ಕದ್ದು. ಅವುಗಳನ್ನು ಪೇರಿಸದೆ ನೆಟ್ಟಗೆ ನಿಲ್ಲಿಸಿ, ಅರ್ಧ ಅಡಿಗೊಂದು ಅಡ್ಡಹಲಗೆ ಕೊಡಿಸಬೇಕು. ಓರೆಯಾಗಿ ಒರಗಿದರೂ, ಬಿಸಿಲು ಬಿದ್ದರೂ ಸೊಟ್ಟಗಾಗುವುವು.

ಒಡೆದ ಅರಗಿನ ಚೂರುಗಳನ್ನು ನಾವಿನ್ನೂ ಬಿಸುಟಿಲ್ಲ. ಅವುಗಳಿಗೂ ಕೆಳಗಿನ ಖಾನೆಯಲ್ಲೊಂದು ಸ್ಥಳವಿದೆ.