ಮರಳುಗಾಡಿನಲ್ಲಿ ಬೈಕ್ ಸವಾರಿ: ಹಿಂದಿನ ಸೀಟಿನವರೇ, ಎಚ್ಚರ ನಿಮ್ಮದೇ!

‘ಈ ಸಲ ರಜೆಗೆ ಮಕ್ಕಳನ್ನ ಅಜ್ಜಿ ಮನೆಗೆ ಕಳಿಸೋಣ. ನಾವಿಬ್ರೂ ಬೈಕಲ್ಲಿ ಜೈಸಲ್ಮೇರ್‌ಗೆ ಹೋಗಿ ಬರೋಣ...’

ಯಜಮಾನರು ಹೀಗಂದರೆ ನಿಮಗೆ ಖುಷಿಯಾಗುತ್ತೋ, ಭಯವಾಗುತ್ತೋ? ಎರಡೂ ಆಗಬೇಕು! ಬಿಸಿಲಿಗೆ ಬಂಗಾರದಂತೆ ಹೊಳೆಯುವ ಕೋಟೆ, ಸಮ್‌ನ ಮರಳದಿಣ್ಣೆ, ನೇರವಾಗಿ ಮಲಗಿದ ಕಪ್ಪು ರಸ್ತೆ, ಇವನ್ನೆಲ್ಲ ನೋಡಲೇಬೇಕು. ಆದರೆ ನಮ್ಮ ಮಕ್ಕಳಿಗೆ ರಜೆ ಸಿಗುವುದೇ ಏಪ್ರಿಲ್-ಮೇನಲ್ಲಿ. ಥಾರ್ ಮರುಭೂಮಿ ಕೆಂಡವಾಗುವುದೂ ಆಗಲೇ. ಬಿಕಾನೇರ್‌ನಿಂದ ಜೈಸಲ್ಮೇರ್‌ಗೆ ಹೋಗುವ ದಾರಿಯಲ್ಲಿ ಫಲೋಡಿ ಅಂತ ಒಂದು ಊರಿದೆ. 2016ರ ಮೇ 19ರಂದು ಅಲ್ಲಿ 51 ಡಿಗ್ರಿ ಬಿಸಿಲು ದಾಖಲಾಗಿತ್ತು. ಪಕ್ಕದ ಖೀಚನ್ ಹಳ್ಳಿಗೆ ಸಾವಿರಾರು ಕ್ರೌಂಚ ಪಕ್ಷಿಗಳು ವಲಸೆ ಬರುತ್ತವೆ. ಯಾವಾಗ ಗೊತ್ತಾ? ಚಳಿಗಾಲದಲ್ಲಿ. ಹಕ್ಕಿಗಿರುವ ಬುದ್ಧಿ ನಮಗೂ ಇರಲಿ. ಸಾಧ್ಯವಾದರೆ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ.

ಆಗೋದೇ ಇಲ್ಲ, ಬೇಸಿಗೆಯಲ್ಲೇ ಹೋಗಬೇಕು ಅಂತೀರಾ? ಹಾಗಾದರೆ ಚಕ್ಕುಲಿ-ಕೋಡುಬಳೆ ಡಬ್ಬಿ ತುಂಬುವ ಮುಂಚೆ ಇದನ್ನು ಓದಿ.

ಗಾಳಿ ತಂಪಲ್ಲ!

ಬೆಂಗಳೂರಿನಲ್ಲಿ ಬೈಕ್ ಹತ್ತಿದರೆ ಮೊದಲು ಸಿಗುವ ಸುಖ ತಂಪು ಗಾಳಿ. ಮರಳುಗಾಡಿನಲ್ಲಿ ಈ ಲೆಕ್ಕ ತಲೆಕೆಳಗು. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಬೀಸುವ ಗಾಳಿ 45 ಡಿಗ್ರಿ ಇದ್ದರೆ ಅದು ಶಾಖವನ್ನು ಒಯ್ಯುವುದಿಲ್ಲ, ತಂದು ಸುರಿಯುತ್ತದೆ. ಹೇರ್ ಡ್ರೈಯರ್ ಮುಂದೆ ಕೂತ ಹಾಗೆ ಅಂದುಕೊಳ್ಳಿ. ಅಲ್ಲಿಯವರು ಈ ಬಿಸಿಗಾಳಿಗೆ ‘ಲೂ’ ಅನ್ನುತ್ತಾರೆ.

ಇನ್ನೊಂದು ಮೋಸವಿದೆ. ಒಣಗಾಳಿಗೆ ಬೆವರು ಕ್ಷಣದಲ್ಲಿ ಆರಿಹೋಗುತ್ತದೆ. ‘ನಂಗೆ ಬೆವರೇ ಬರ್ತಿಲ್ಲ, ಆರಾಮಾಗಿದೀನಿ’ ಅಂತ ಅಂದುಕೊಳ್ಳುವ ಹೊತ್ತಿಗೆ ಮೈಯ ನೀರೆಲ್ಲ ಖಾಲಿಯಾಗುತ್ತಿರುತ್ತದೆ. ಹಾಗಾಗಿ ಸೆಕೆ ಅಂತ ಜಾಕೆಟ್ ಬಿಚ್ಚಬೇಡಿ, ಹೆಲ್ಮೆಟ್ ಗಾಜು ಎತ್ತಬೇಡಿ. ಅಲ್ಲಿನ ಹೆಂಗಸರನ್ನು ನೋಡಿ, ತಲೆಯಿಂದ ಕಾಲಿನವರೆಗೆ ಓಢಣಿ, ಘಾಗ್ರಾ. ಅದು ಸಂಪ್ರದಾಯವಷ್ಟೇ ಅಲ್ಲ, ಬಿಸಿಲಿನಿಂದ ರಕ್ಷಣೆಯೂ ಹೌದು.

ಒಳಗೆ ಒದ್ದೆ ಮಾಡಿದ ಹತ್ತಿಯ ಬನಿಯನ್ ಅಥವಾ ಟೀ ಶರ್ಟ್, ಮೇಲೆ ತಿಳಿ ಬಣ್ಣದ ಜಾಕೆಟ್, ಕುತ್ತಿಗೆಗೆ ಒದ್ದೆ ಬಟ್ಟೆ, ಕೈಗವಸು, ಬೂಟು, ಇಷ್ಟಿರಲಿ. ದುಪಟ್ಟಾ, ಸೀರೆ ಸೆರಗು ಬೇಡವೇ ಬೇಡ. ಚಕ್ರಕ್ಕೆ ಸಿಕ್ಕಿಕೊಂಡರೆ ಗತಿ ಏನು? ಹೆಲ್ಮೆಟ್ ಅವರಿಗೊಂದು, ನಿಮಗೊಂದು.

ನೀರು ಕುಡಿಯಲು ಸಂಕೋಚವೇ?

ಪ್ರಯಾಣ ಅಂದರೆ ನಾವು ಹೆಣ್ಣುಮಕ್ಕಳು ಮೊದಲು ಮಾಡುವ ಕೆಲಸ ಏನು ಹೇಳಿ? ನೀರು ಕುಡಿಯೋದು ನಿಲ್ಲಿಸೋದು! ಶೌಚಾಲಯ ಸಿಗುತ್ತೋ ಇಲ್ಲವೋ ಎಂಬ ಚಿಂತೆ. ನಮ್ಮೂರಿನಲ್ಲಾದರೆ ಇದರಿಂದ ತಲೆನೋವು, ಉರಿಮೂತ್ರ ಬಂದೀತು. ಮರಳುಗಾಡಿನ ಮೇ ತಿಂಗಳಲ್ಲಿ ಇದು ಪ್ರಾಣಕ್ಕೇ ಕುತ್ತು. ಪೆಟ್ರೋಲ್ ಬಂಕ್, ಡಾಬಾ ಸಿಕ್ಕಿದ ಕಡೆಯೆಲ್ಲ ಗಾಡಿ ನಿಲ್ಲಿಸಿ, ನಾಚಿಕೆ ಬಿಟ್ಟು ಹೋಗಿ ಬನ್ನಿ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದೇ ಅರ್ಥ.

ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು ನೀರು ಇಬ್ಬರ ಹೊಟ್ಟೆಗೂ ಹೋಗಬೇಕು. ಬೆನ್ನಿಗೆ ಹಾಕಿಕೊಳ್ಳುವ, ನಳಿಕೆಯಿರುವ ನೀರಿನ ಚೀಲ ಇದಕ್ಕೆ ಅನುಕೂಲ. ಬರೀ ನೀರನ್ನೇ ಕುಡಿಯುತ್ತಾ ಹೋದರೂ ತೊಂದರೆ, ಬೆವರಿನ ಜತೆ ಉಪ್ಪೂ ಹೋಗಿರುತ್ತದಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ. ತಲೆ ಸವರಿದ ಚಮಚ, ನೆನಪಿರಲಿ. ಇಲ್ಲವೇ ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ವೈದ್ಯರನ್ನು ಕೇಳಿ. ಕೆಲವು ಬಿ.ಪಿ. ಮಾತ್ರೆಗಳು ಮೂತ್ರ ಹೆಚ್ಚಿಸಿ ಮೈಯ ನೀರನ್ನು ಕಡಿಮೆ ಮಾಡುತ್ತವೆ.

ದಾರಿಯಲ್ಲಿ ಸಿಗುವ ‘ಛಾಛ್’ ಕುಡಿಯಿರಿ, ಅದು ನಮ್ಮ ಮಜ್ಜಿಗೆಯೇ. ಸಜ್ಜೆ ಹಿಟ್ಟು, ಮಜ್ಜಿಗೆ ಹಾಕಿ ಮಾಡುವ ‘ರಾಬ್’ ನಮ್ಮ ರಾಗಿ ಅಂಬಲಿಯ ತಂಗಿ ಇದ್ದ ಹಾಗೆ. ರಸ್ತೆ ಬದಿಯಲ್ಲಿ ಮಡಕೆ ಇಟ್ಟು ನೀರು ಕೊಡುವ ‘ಪ್ಯಾವು’ ಕಂಡರೆ ನಮ್ಮ ಅರವಟ್ಟಿಗೆ ನೆನಪಾಗದಿದ್ದರೆ ಕೇಳಿ!

ಬಿಸಿಲೇರುವ ಮುನ್ನ ಊರು ಸೇರಿ

* ಬೆಳಕು ಹರಿಯುತ್ತಿದ್ದಂತೆ ಹೊರಡಿ, ಹತ್ತು ಗಂಟೆಗೆಲ್ಲ ಸವಾರಿ ಮುಗಿಸಿ. ಪೋಕರಣ್‌ನಿಂದ ಜೈಸಲ್ಮೇರ್ ಸುಮಾರು 110 ಕಿ.ಮೀ., ಬೆಳಗಿನ ತಂಪಿನಲ್ಲೇ ಮುಗಿಯುತ್ತದೆ.

* ಆ ಕಡೆ ಮೇ ತಿಂಗಳಲ್ಲಿ ಸೂರ್ಯ ಮುಳುಗುವುದೇ ಏಳೂವರೆಗೆ. ‘ಸಂಜೆ ಐದಕ್ಕೆ ತಂಪಾಗುತ್ತೆ’ ಎಂಬ ನಮ್ಮೂರಿನ ಲೆಕ್ಕ ಬೇಡ. ರಾತ್ರಿಯೂ ಬೇಡ, ರಸ್ತೆ ಮೇಲೆ ದನ, ಒಂಟೆಗಳು ಮಲಗಿರುತ್ತವೆ.

* ಟಯರ್ ಗಾಳಿಯನ್ನು ಮುಂಜಾನೆ, ಗಾಡಿ ತಣ್ಣಗಿರುವಾಗ ನೋಡಿಸಿ. ಮಧ್ಯಾಹ್ನ ಒತ್ತಡ ಏರಿದೆ ಅಂತ ಗಾಳಿ ಬಿಡಬೇಡಿ. ಪೆಟ್ರೋಲನ್ನು ಕುತ್ತಿಗೆವರೆಗೆ ತುಂಬಿಸಬೇಡಿ.

* ರಸ್ತೆಗೆ ಮರಳು ಹರಡಿದ್ದರೆ ದೂರದಲ್ಲೇ ವೇಗ ಇಳಿಸಲಿ. ಮರಳಿನ ಮೇಲೆ ಬ್ರೇಕ್ ಒತ್ತಿದರೆ ಜಾರುವುದು ಖಂಡಿತ.

* ಬೆಂಗಳೂರಿನಿಂದ ಜೈಸಲ್ಮೇರ್‌ಗೆ ಸುಮಾರು ಎರಡು ಸಾವಿರ ಕಿ.ಮೀ. ಪೂರ್ತಿ ಓಡಿಸಲೇಬೇಕೆಂದಿಲ್ಲ. ಜೋಧಪುರದವರೆಗೆ ರೈಲಿದೆ. ಟ್ಯಾಂಕ್ ಖಾಲಿ ಮಾಡಿ ಬೈಕನ್ನು ರೈಲ್ವೆ ಪಾರ್ಸೆಲ್‌ನಲ್ಲಿ ಕಳಿಸಬಹುದು.

ಬುದ್ಧಿ ಮಂಕಾದಾಗ...

ಇನ್ನು ಎಲ್ಲಕ್ಕಿಂತ ಮುಖ್ಯ ವಿಷಯ. ಬಿಸಿಲಾಘಾತ ಮೊದಲು ಕೆಡಿಸುವುದೇ ಬುದ್ಧಿಯನ್ನು. ಹಾಗಾಗಿ ಅದು ಬಡಿದವರಿಗೆ ತಮಗೇನಾಗಿದೆ ಅಂತ ತಿಳಿಯುವುದೇ ಇಲ್ಲ. ‘ನಾನು ಚೆನ್ನಾಗಿದೀನಿ’ ಎಂದೇ ಅನ್ನುತ್ತಾರೆ, ಕೋಪವನ್ನೂ ಮಾಡಿಕೊಳ್ಳುತ್ತಾರೆ.

ನನ್ನ ಗೆಳತಿಯೊಬ್ಬಳಿಗೆ ಆದದ್ದೂ ಇದೇ. ಹೊರಟಿದ್ದು ತಡವಾಗಿ ಪೋಕರಣ್ ದಾಟುವಾಗಲೇ ಹನ್ನೊಂದೂವರೆ. ನಿಲ್ಲುತ್ತೇವೆ ಎಂದುಕೊಂಡಿದ್ದ ಚಹಾ ಅಂಗಡಿಯನ್ನು ಗಂಡ ದಾಟಿಕೊಂಡು ಹೋದರು. ಯಾಕೆ ಅಂತ ಕೇಳಿದರೆ ‘ಯಾವ ಅಂಗಡಿ?’ ಅಂದರು. ಮುಂದಿನ ಊರು ಯಾವುದು ಅಂತ ಕೇಳಿದರೆ ‘ತುಮಕೂರು’ ಎಂದು ನಕ್ಕರು. ತಮಾಷೆ ಇರಬೇಕು ಅಂತ ಅವಳೂ ನಕ್ಕಳು. ಗಾಡಿ ರಸ್ತೆಯ ಅಂಚಿಗೆ ವಾಲತೊಡಗಿದಾಗ ಮಾತ್ರ ಅವಳ ಎದೆ ಝಲ್ಲೆಂದಿತು. ಭುಜ ಅಲ್ಲಾಡಿಸಿ, ಕೂಗಿ, ಜಗಳವಾಡಿ ನಿಲ್ಲಿಸಿದಳು. ಒಂದು ಖೇಜಡಿ ಮರದ ನೆರಳಿಗೆ ಎಳೆದು ಕೂರಿಸಿ, ಇದ್ದ ನೀರನ್ನೆಲ್ಲ ತಲೆ-ಮೈಗೆ ಸುರಿದಳು. ಲಾರಿಯವರೊಬ್ಬರು ನಿಲ್ಲಿಸಿ ಇನ್ನೊಂದು ಕ್ಯಾನ್ ನೀರು ಕೊಟ್ಟು ಆಸ್ಪತ್ರೆಗೆ ಮುಟ್ಟಿಸಿದರು. ಯಜಮಾನರು ಉಳಿದರು. ಅಂದ ಹಾಗೆ, ಖೇಜಡಿ ಅಂದರೆ ಬೇರೇನಲ್ಲ, ವಿಜಯದಶಮಿಗೆ ನಾವು ಪೂಜಿಸುವ ಬನ್ನಿ ಮರ. ಈಗ ಬನ್ನಿ ಕೊಡುವಾಗಲೆಲ್ಲ ಅವಳ ಕಣ್ಣು ತುಂಬುತ್ತದೆ.

ಹೀಗಾದಾಗ ನೀವೇನು ಮಾಡಬೇಕು?

* ನೆರಳಿಗೆ ಒಯ್ಯಿರಿ. ಹೆಲ್ಮೆಟ್, ಜಾಕೆಟ್, ಬೂಟು ತೆಗೆಯಿರಿ. ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ.

* 108 ಅಥವಾ 112ಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಯಾವುದೇ ವಾಹನಕ್ಕೆ ಕೈ ತೋರಿಸಿ. ಸಹಾಯ ಬರುವ ತನಕ ತಂಪು ಮಾಡುವುದನ್ನು ನಿಲ್ಲಿಸಬೇಡಿ.

* ಪ್ರಜ್ಞೆ ಸರಿಯಿಲ್ಲದಿದ್ದರೆ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಕೊಡಬೇಡಿ, ಇದು ಆ ಜ್ವರವಲ್ಲ.

ಬೆಂಗಳೂರಿನ ಸಿ.ಎಸ್. ಸಂತೋಷ್ ನಿಮ್ಮ ಮಗನಿಗೆ ಗೊತ್ತಿರಬಹುದು, ಡಾಕರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ. 2021ರಲ್ಲಿ ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಅವರು ಬಿದ್ದಾಗ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ದರು. ಅಂಥ ಪಳಗಿದ ಸವಾರರಿಗೂ ಹಿಂದೆ ವೈದ್ಯರ ದಂಡೇ ಇರುತ್ತದೆ. ನಿಮ್ಮ ಯಜಮಾನರಿಗೆ? ನೀವೊಬ್ಬರೇ!

ಅದಕ್ಕೇ ಮನೆಯಲ್ಲೇ ಒಂದು ಒಪ್ಪಂದ ಮಾಡಿಕೊಳ್ಳಿ. ಅರ್ಧ ಗಂಟೆಗೊಮ್ಮೆ ನೀವೊಂದು ಸುಲಭದ ಪ್ರಶ್ನೆ ಕೇಳುತ್ತೀರಿ: ಮುಂದಿನ ಊರು ಯಾವುದು, ಎಷ್ಟು ಕಿಲೋಮೀಟರ್ ಆಯ್ತು, ಮಗಳ ಹುಟ್ಟುಹಬ್ಬ ಯಾವತ್ತು. ಉತ್ತರ ತಡವರಿಸಿದರೆ ‘ನಿಲ್ಸಿ’ ಅನ್ನುತ್ತೀರಿ. ಆಗ ಗಾಡಿ ನಿಲ್ಲಲೇಬೇಕು. ವಾದವಿಲ್ಲ, ‘ಇನ್ನೈದೇ ನಿಮಿಷ’ ಇಲ್ಲ. ಅವರೂ ನಿಮ್ಮನ್ನು ಹೀಗೇ ಕೇಳಲಿ, ಹಿಂದೆ ಕೂತವರಿಗೂ ಬಿಸಿಲು ಅಷ್ಟೇ.

ಈ ಮಾತಿಗೆ ಅವರು ಒಪ್ಪಿದರೆ ಧೈರ್ಯವಾಗಿ ಹೊರಡಿ. ಒಪ್ಪದಿದ್ದರೆ? ಬೈಕ್ ಇಲ್ಲೇ ಇರಲಿ, ನೀವೂ ಅಜ್ಜಿ ಮನೆಗೆ ಹೋಗಿ ಮಾವಿನಹಣ್ಣು ತಿನ್ನಿ. ಮರಳುಗಾಡು ಎಲ್ಲೂ ಹೋಗೋದಿಲ್ಲ, ಚಳಿಗಾಲಕ್ಕೂ ಅಲ್ಲೇ ಇರುತ್ತೆ!