ದಂತವೈದ್ಯಕೀಯ: ಆರಿಸಿಕೊಳ್ಳುವ ಮುನ್ನ

ಪ್ರತಿ ವರ್ಷ ನೀಟ್ ಫಲಿತಾಂಶ ಪ್ರಕಟವಾದೊಡನೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಪೋಷಕರು ಮಕ್ಕಳನ್ನು ಕರೆದುಕೊಂಡು ನಮ್ಮಂಥ ಅಧ್ಯಾಪಕರಲ್ಲಿಗೆ ಬರುತ್ತಾರೆ. ಪ್ರಶ್ನೆ ಒಂದೇ: "ಸಾರ್, ಎಂಬಿಬಿಎಸ್ ಸಿಗೋ ಹಾಗೆ ಕಾಣಲ್ಲ. ಬಿಡಿಎಸ್‌ಗೆ ಸೇರಿಸೋಣವಾ?"

ಕೆಲವು ವರ್ಷಗಳ ಹಿಂದೆ ಹೀಗೆ ಬಂದ ವಿದ್ಯಾರ್ಥಿಯೊಬ್ಬನಿಗೆ ನಾನು ಹೆಚ್ಚು ಯೋಚಿಸದೆ, "ಸೇರಿಕೊಳ್ಳಪ್ಪ, ಡಾಕ್ಟರಂತೂ ಆಗ್ತೀಯಲ್ಲ" ಎಂದಿದ್ದೆ. ಎರಡನೆಯ ವರ್ಷದಲ್ಲಿ ಅವನು ಓದು ಬಿಟ್ಟು ಊರಿಗೆ ಮರಳಿದ. ಅಂಕಗಳಲ್ಲಿ ಹಿಂದೆ ಬಿದ್ದಿರಲಿಲ್ಲ. ಕೈಗೆಲಸ ಅವನಿಗೆ ಹಿಡಿಸಿರಲಿಲ್ಲ. ಅಷ್ಟರಲ್ಲಿ ಶುಲ್ಕಕ್ಕೆಂದು ಅವನ ತಂದೆ ಅಡಿಕೆ ತೋಟದ ಒಂದು ಭಾಗವನ್ನು ಮಾರಿದ್ದರು. ಆ ದಿನ ನಾನು ಕೇಳಬೇಕಾಗಿದ್ದ, ಆದರೆ ಕೇಳದೆ ಬಿಟ್ಟ ಪ್ರಶ್ನೆ ಇದು: ದಂತವೈದ್ಯರು ದಿನವಿಡೀ ಮಾಡುವ ಕೆಲಸ ಎಂಥದು?

ಹಲ್ಲು ಎಂಬ ವಸ್ತು

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ಪದಾರ್ಥ. ಅದರ ತೂಕದ ಸುಮಾರು ಶೇಕಡ 96ರಷ್ಟು ಖನಿಜ. ಮುಖ್ಯವಾಗಿ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟ್. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸಿ, ಹಲ್ಲಿನ ಮೇಲ್ಮೈಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಈ ಖನಿಜ ಕರಗತೊಡಗುತ್ತದೆ. ಹುಳುಕಿನ ಆರಂಭ ಇದೇ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಆದರೆ ಎನಾಮಲ್ ಮತ್ತೆ ಬೆಳೆಯದು. ಅದನ್ನು ನಿರ್ಮಿಸಿದ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೇ ಇಲ್ಲವಾಗಿರುತ್ತವೆ.

ಇದರ ಅರ್ಥವೇನು? ವೈದ್ಯರ ಕೈ ತಪ್ಪಿ ಕೊರೆದದ್ದೂ ಮರಳಿ ಬಾರದು. ಹಲ್ಲು ಕೊರೆಯುವ ಏರೋಟರ್ ಉಪಕರಣ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು, ಅಂದರೆ ಸೆಕೆಂಡಿಗೆ 5,000 ಸುತ್ತು ತಿರುಗುತ್ತದೆ. ಅದರ ಮೊನೆಯ ವ್ಯಾಸ 1 ಮಿಲಿಮೀಟರ್ ಎಂದುಕೊಂಡರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 15.7 ಮೀಟರ್. ಇದು ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಓಡುವ ಬಸ್ಸಿನ ವೇಗಕ್ಕೆ ಸಮ! ಘರ್ಷಣೆಯ ಶಾಖ ಒಳಗಿನ ಜೀವಂತ ತಿರುಳನ್ನು ಸುಡದಂತೆ ನೀರು ಚಿಮ್ಮಿಸುತ್ತಲೇ ಇರಬೇಕು. ಇಷ್ಟೆಲ್ಲ ನಡೆಯುವುದು ಒದ್ದೆಯಾದ, ಕತ್ತಲಾದ, ಆಗಾಗ ಅಲುಗಾಡುವ ಒಂದು ಇಕ್ಕಟ್ಟಿನ ಜಾಗದಲ್ಲಿ.

ನಮ್ಮ ಊರುಗಳ ಹಲ್ಲುಗಳು

ಈ ವೃತ್ತಿಯನ್ನು ಅರಿಯಲು ದೂರ ಹೋಗಬೇಕಿಲ್ಲ. ಜಗಳೂರು ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಅಲ್ಪ ಪ್ರಮಾಣದ ಫ್ಲೋರೈಡ್ ಎನಾಮಲನ್ನು ಆಮ್ಲಕ್ಕೆ ಬಗ್ಗದಂತೆ ಬಲಪಡಿಸುತ್ತದೆ. ಅದೇ ಫ್ಲೋರೈಡ್ ಮಿತಿಮೀರಿದರೆ, ಎಂಟು ವರ್ಷದೊಳಗಿನ ಮಕ್ಕಳ ವಸಡಿನೊಳಗೆ ರೂಪುಗೊಳ್ಳುತ್ತಿರುವ ಹಲ್ಲುಗಳಿಗೆ ಧಕ್ಕೆಯಾಗುತ್ತದೆ. ಹಲ್ಲು ಹೊರಬಂದಾಗ ಸುಣ್ಣದಂಥ ಬಿಳಿ ಪಟ್ಟೆ, ಕ್ರಮೇಣ ಕಂದು ಕಲೆ ಕಾಣುತ್ತವೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾರತೆ ಹೆಚ್ಚುತ್ತದೆ. ದಂತವೈದ್ಯರು ಕಲೆಯನ್ನು ಮರೆಮಾಡಬಲ್ಲರು, ಆದರೆ ಮುಂದಿನ ಮಗುವಿನ ಹಲ್ಲು ಉಳಿಯುವುದು ಶುದ್ಧ ನೀರಿನಿಂದ ಮಾತ್ರ.

ಚನ್ನಗಿರಿಯಲ್ಲಿ ಅಡಿಕೆ ಅನ್ನ ಕೊಡುವ ಬೆಳೆ. ಆದರೆ ಅದನ್ನು ಸದಾ ಅಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದೇ ಕಷ್ಟವಾಗಬಹುದು. ಖಾರ ತಿಂದಾಗ ಉರಿಯುವುದು ಮೊದಲ ಸೂಚನೆಗಳಲ್ಲೊಂದು. ಹೊಗೆಸೊಪ್ಪು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಪ್ರಕಟಿಸಿತು. ಇದನ್ನು ಮೊದಲು ಗುರುತಿಸಬಲ್ಲವರು ಬಾಯಿ ನೋಡುವ ದಂತವೈದ್ಯರೇ. ಅಡಿಕೆ ಬೆಳೆಗಾರನಿಗೇ ಈ ಮಾತನ್ನು ನೋಯದಂತೆ ಹೇಳುವ ತಾಳ್ಮೆಯೂ ವೃತ್ತಿಯ ಒಂದು ಭಾಗ.

ಮನೆಯಲ್ಲೇ ಎರಡು ಪರೀಕ್ಷೆ

ಮೇಲ್ದವಡೆಯ ಹಿಂಭಾಗದ ಹಲ್ಲುಗಳನ್ನು ವೈದ್ಯರು ಹೆಚ್ಚಾಗಿ ಪುಟ್ಟ ಕನ್ನಡಿಯಲ್ಲಿ ನೋಡುತ್ತಾ ಕೆಲಸ ಮಾಡುತ್ತಾರೆ. ನೀವೂ ಪ್ರಯತ್ನಿಸಿ. ಕಾಗದದ ಮೇಲೆ ಎರಡು ಗೆರೆಗಳ ನಡುವೆ ಸಣ್ಣ ಓಣಿ ಇರುವಂತೆ ನಕ್ಷತ್ರ ಬರೆಯಿರಿ. ಅದರಾಚೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ. ಕಾಗದ ನೇರವಾಗಿ ಕಾಣದಂತೆ ಪುಸ್ತಕವೊಂದನ್ನು ಅಡ್ಡ ಹಿಡಿಸಿ, ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಓಣಿಯೊಳಗೆ ಪೆನ್ಸಿಲ್ ಸಾಗಿಸಿ. ಸಮತಲ ದರ್ಪಣ ತನ್ನ ಮೇಲ್ಮೈಗೆ ಲಂಬವಾದ ದಿಕ್ಕನ್ನು ಮಾತ್ರ ತಿರುಗಿಸುತ್ತದೆ. ಆದ್ದರಿಂದ ಪೆನ್ಸಿಲನ್ನು ಮುಂದಕ್ಕೆ ಸರಿಸಿದರೆ ಬಿಂಬ ನಿಮ್ಮತ್ತ ಬರುತ್ತದೆ! ಎಡಬಲ ಮಾತ್ರ ಬದಲಾಗದು.

ಎರಡನೆಯದು: ಸೋಪಿನ ತುಂಡಿನಲ್ಲಿ ನಿಮ್ಮದೇ ಒಂದು ದವಡೆ ಹಲ್ಲನ್ನು, ಅದರ ಉಬ್ಬು ತಗ್ಗುಗಳ ಸಹಿತ, ಕೆತ್ತಿರಿ. ಬಿಡಿಎಸ್ ಮೊದಲ ವರ್ಷದಲ್ಲಿ ವಿದ್ಯಾರ್ಥಿಗಳು ಮೇಣದಲ್ಲಿ ಮಾಡುವುದು ಇದನ್ನೇ.

ಮೊದಲ ದಿನ ಎಲ್ಲರೂ ಎಡವುತ್ತಾರೆ. ಕೈಚಳಕ ಅಭ್ಯಾಸದಿಂದ ಬರುವಂಥದು. ಹಾಗಾಗಿ ಗಮನಿಸಬೇಕಾದದ್ದು ಫಲಿತಾಂಶವನ್ನಲ್ಲ, ನಿಮ್ಮ ಮನಸ್ಸನ್ನು. ಕೆಟ್ಟುಹೋದ ಸೋಪನ್ನು ಬದಿಗಿಟ್ಟು ಮರುದಿನ ಇನ್ನೊಂದನ್ನು ಕೈಗೆತ್ತಿಕೊಳ್ಳಬೇಕೆನಿಸಿತೇ?

ಓದು, ಖರ್ಚು, ವೃತ್ತಿ

ಎಂಬಿಬಿಎಸ್ ಮತ್ತು ಬಿಡಿಎಸ್ ಎರಡಕ್ಕೂ ಒಂದೇ ನೀಟ್ ಪರೀಕ್ಷೆ. 720 ಅಂಕಗಳಲ್ಲಿ ಭೌತವಿಜ್ಞಾನಕ್ಕೆ 180, ಕನ್ನಡದಲ್ಲೂ ಬರೆಯಬಹುದು. ಒಂದೇ ಪಟ್ಟಿಯಿಂದ ಎರಡೂ ಸೀಟು ಹಂಚಿಕೆಯಾಗುವುದರಿಂದ ದಂತವೈದ್ಯಕೀಯ 'ಎರಡನೆಯ ಬಹುಮಾನ'ದಂತೆ ಕಾಣುತ್ತದೆ. ಆದರೆ ಆ ಪರೀಕ್ಷೆ ನಿಮ್ಮ ಬೆರಳುಗಳನ್ನೂ ತಾಳ್ಮೆಯನ್ನೂ ಅಳೆಯುವುದಿಲ್ಲ.

ಇಂಟರ್ನ್‌ಶಿಪ್ ಸೇರಿ ಬಿಡಿಎಸ್‌ಗೆ ಐದು ವರ್ಷ; ಎಂಡಿಎಸ್ ಮಾಡುವುದಾದರೆ ಇನ್ನೂ ಮೂರು. ದಾವಣಗೆರೆಯಲ್ಲಿ 1979ರಲ್ಲಿ ಬಾಪೂಜಿ ದಂತ ಕಾಲೇಜೂ 1991ರಲ್ಲಿ ದಂತ ವಿಜ್ಞಾನ ಕಾಲೇಜೂ ಆರಂಭವಾದವು. ಎರಡೂ ಖಾಸಗಿ. ಸರ್ಕಾರಿ ಕೋಟಾದ ಸೀಟಿಗೂ ಆಡಳಿತ ಮಂಡಳಿ ಸೀಟಿಗೂ ಶುಲ್ಕದಲ್ಲಿ ಭಾರಿ ಅಂತರವಿರುವುದರಿಂದ ಐದೂ ವರ್ಷಗಳ ಲೆಕ್ಕ ಹಾಕಿ. ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ಮೀಸಲಾತಿಯ ಪ್ರಮಾಣಪತ್ರಗಳನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ಸರ್ಕಾರಿ ಹುದ್ದೆಗಳು ಕಡಿಮೆ. ಸ್ವಂತ ಕ್ಲಿನಿಕ್ಕಿಗೆ ಕುರ್ಚಿ, ಕಂಪ್ರೆಸರ್, ಎಕ್ಸ್-ರೇ, ಉಪಕರಣ ಶುದ್ಧಿಗೆ ಆಟೊಕ್ಲೇವ್ ಎಲ್ಲ ಬೇಕು. ವಿದ್ಯುತ್ ಹೋದರೆ ಕೆಲಸ ನಿಲ್ಲುತ್ತದೆ. ದೊಡ್ಡ ನಗರಗಳಲ್ಲಿ ಬೀದಿಗೊಂದು ಕ್ಲಿನಿಕ್ ಇದೆ. ಹಳ್ಳಿಗಳಲ್ಲಿ ಹಲ್ಲುನೋವಿಗೆ ಲವಂಗವೇ ಗತಿ.

ಆದ್ದರಿಂದ ಹೊನ್ನಾಳಿಯಲ್ಲೋ, ಅದರಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ನ್ಯಾಮತಿಯಲ್ಲೋ ಕ್ಲಿನಿಕ್ ನಡೆಸುವ ವೈದ್ಯರೊಬ್ಬರನ್ನು ಕಂಡು, ಅವರ ಹಾಗೂ ರೋಗಿಗಳ ಒಪ್ಪಿಗೆ ಪಡೆದು, ಒಂದು ಮಧ್ಯಾಹ್ನ ಮೂಲೆಯಲ್ಲಿ ಕುಳಿತು ನೋಡಿ. ಬಗ್ಗಿದ ಕತ್ತು, ದಣಿದ ಬೆನ್ನು, ಹೆದರಿ ಅಳುವ ಮಗು, ನೋವು ನಿಂತಾಗ ರೋಗಿಯ ಮುಖ, ಎಲ್ಲವನ್ನೂ ಗಮನಿಸಿ. ಮೊದಲ ವರ್ಷಗಳಲ್ಲಿ ಸಂಪಾದನೆ ಹೇಗಿತ್ತೆಂದು ಸಂಕೋಚಪಡದೆ ಕೇಳಿ.

ಅಧ್ಯಾಪಕ ಮಿತ್ರರೇ, ದ್ವಿತೀಯ ಪಿಯುಸಿ ಮಕ್ಕಳಿಗೆ ಈ ಕನ್ನಡಿ ಪ್ರಯೋಗವನ್ನು ಫಲಿತಾಂಶದ ವಾರದಲ್ಲಲ್ಲ, ಬೆಳಕಿನ ಪ್ರತಿಫಲನದ ಪಾಠದಲ್ಲೇ ಮಾಡಿಸಿ. ಒಂದು ಸೋಪಿಗೆ, ಒಂದು ಕನ್ನಡಿಗೆ ಆಗುವ ಖರ್ಚು ಎಷ್ಟು? ತೋಟ ಮಾರುವ ಮುನ್ನ ಇಷ್ಟನ್ನಾದರೂ ಮಾಡಬಹುದಲ್ಲವೇ?