ಅಮ್ಮನ ಕೈಗೆ ಔಷಧ ಕೊಟ್ಟ ಡಾಕ್ಟರು

ಮೆಡಿಕಲ್ ಶಾಪಿನಲ್ಲಿ ಓಆರ್‌ಎಸ್ ಪೊಟ್ಟಣ ಕೊಳ್ಳಲು ಡಾಕ್ಟರ ಚೀಟಿ ಬೇಡ. ವಾಂತಿ-ಭೇದಿಯಾದ ಮಗುವಿಗೆ ಅದನ್ನು ನೀರಿನಲ್ಲಿ ಕರಗಿಸಿ ಕುಡಿಸಲು ನರ್ಸೂ ಬೇಡ. ಅಮ್ಮನೋ ಅಜ್ಜಿಯೋ ಸಾಕು. ಈ ಸರಳತೆಯ ಹಿಂದೆ ಮಕ್ಕಳ ವೈದ್ಯರೊಬ್ಬರ ಧೈರ್ಯವಿದೆ. ಅವರು ಡಾ. ದಿಲೀಪ್ ಮಹಲನಬಿಸ್.

1934ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಕಿಶೋರ್‌ಗಂಜ್‌ನಲ್ಲಿ ಹುಟ್ಟಿದ ಅವರು ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓದಿ, ಇಂಗ್ಲೆಂಡಿನಲ್ಲಿ ಮಕ್ಕಳ ವೈದ್ಯಕೀಯದ ತರಬೇತಿ ಪಡೆದರು. 1971ರ ಬಾಂಗ್ಲಾ ಯುದ್ಧದ ವೇಳೆ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಬನಗಾಂವ್‌ನ ಆಸ್ಪತ್ರೆಯಲ್ಲಿ ರೋಗಿಗಳು ನೆಲದ ಮೇಲೇ ಮಲಗಿದ್ದರು. ಸಲೈನ್ ಮುಗಿಯುತ್ತಾ ಬಂದಿತ್ತು, ಅದನ್ನು ಏರಿಸಬಲ್ಲವರೂ ಕಡಿಮೆ ಇದ್ದರು.

ಉಪ್ಪಿನ ಜೊತೆ ಗ್ಲೂಕೋಸ್ ಇದ್ದರೆ ಕಾಲರಾ ಬಂದ ಕರುಳೂ ಎರಡನ್ನೂ ಹೀರಿಕೊಳ್ಳುತ್ತದೆ. ಅವುಗಳ ಹಿಂದೆಯೇ ನೀರೂ ದೇಹಕ್ಕೆ ಸೇರುತ್ತದೆ. ಇದು ಆಗಲೇ ಗೊತ್ತಿದ್ದ ಸಂಗತಿ. 1968ರಲ್ಲಿ ಢಾಕಾದ ವಿಜ್ಞಾನಿಗಳು ರೋಗಿಗಳ ಮೇಲೆ ಪ್ರಯೋಗಿಸಿ ತೋರಿಸಿದ್ದರು. ಆದರೆ ಅದೆಲ್ಲ ವೈದ್ಯರ ನಿಗಾದಲ್ಲಿ. ತರಬೇತಿ ಇಲ್ಲದವರ ಕೈಗೆ ಕೊಡಬಹುದೇ?

ಮಹಲನಬಿಸ್ ಕೊಟ್ಟರು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ನಲ್ಲಿ ಇರುವ ಡ್ರಮ್ಮುಗಳಲ್ಲಿ ದ್ರಾವಣ ತುಂಬಿಸಿಟ್ಟರು. ರೋಗಿಗಳ ಮನೆಯವರೇ ಹಿಡಿದುಕೊಂಡು ಹೋಗಿ ಕುಡಿಸಿದರು. ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಮುಂದೆ ಜಗತ್ತೇ ಈ ವಿಧಾನವನ್ನು ಒಪ್ಪಿಕೊಂಡಿತು.

ಬಿ.ಇ. ಓದುತ್ತಿರುವ ನನ್ನನ್ನು ತಟ್ಟಿದ್ದು ಆ ಡ್ರಮ್ಮು ಮತ್ತು ನಲ್ಲಿ. ನಮ್ಮ ಪ್ರಾಜೆಕ್ಟ್ ವೈವಾದಲ್ಲಿ ‘ಇದರಲ್ಲಿ ಹೊಸತೇನಿದೆ?’ ಎಂಬುದೇ ಮೊದಲ ಪ್ರಶ್ನೆ. ಹಾಗಾಗಿ ಒಂದು ಸೆನ್ಸರ್ ಸಾಲದೆ ಇನ್ನೊಂದನ್ನು ಸೇರಿಸುತ್ತೇವೆ. ‘ನೀವು ಪಕ್ಕದಲ್ಲಿ ಇಲ್ಲದಿದ್ದರೂ ಇದನ್ನು ಯಾರಾದರೂ ಬಳಸಬಲ್ಲರೇ?’ ಎಂದು ಕೇಳುವವರು ಕಡಿಮೆ. ಬನಗಾಂವ್‌ನಲ್ಲಿ ಜೀವ ಉಳಿದದ್ದು ಆ ಎರಡನೇ ಪ್ರಶ್ನೆಗೆ ಉತ್ತರ ಸಿಕ್ಕಿದ್ದರಿಂದ. ಕೆಲಸ ಹುಡುಕುವಾಗ ರೆಸ್ಯೂಮೆಯಲ್ಲಿ ಹೊಸ ತಂತ್ರಜ್ಞಾನಗಳ ಹೆಸರು ಇರಲಿ, ತಪ್ಪಿಲ್ಲ. ಜೊತೆಗೆ, ಗೊತ್ತಿರುವುದನ್ನು ಬೇಕಾದವರ ಕೈಗೆ ತಲುಪಿಸುವುದೂ ಎಂಜಿನಿಯರಿಂಗೇ ಎಂದು ನಾವು ನಂಬಬೇಕು.

ಮಹಲನಬಿಸ್ 2022ರ ಅಕ್ಟೋಬರ್‌ನಲ್ಲಿ ಕೋಲ್ಕತ್ತದಲ್ಲಿ ತೀರಿಕೊಂಡರು. ಪದ್ಮವಿಭೂಷಣ ಘೋಷಣೆಯಾದದ್ದು ಅದರ ಮರುವರ್ಷ. ಅವರ ಹೆಸರು ಕೇಳದ ಮನೆಗಳಲ್ಲೂ ಆ ಪೊಟ್ಟಣ ಇದೆ. ಎಷ್ಟು ನೀರಿಗೆ ಬೆರೆಸಬೇಕೆಂದು ಅದರ ಮೇಲೆಯೇ ಬರೆದಿರುತ್ತದೆ. ಒಮ್ಮೆ ಓದಿ, ಮನೆಯವರಿಗೂ ಹೇಳಿಕೊಡಿ.